ತೆರೆಯ ಮೇಲಿನ ಇತಿಹಾಸ ಮತ್ತು ನಮ್ಮ ಮನೆಯ ಮಕ್ಕಳು

(ಕುಟುಂಬ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)





ಚಲನಚಿತ್ರಗಳಲ್ಲಿ ಇತಿಹಾಸ ಮತ್ತು ಸಮಾಜ ಎಂಬ ವಿಷಯದ ಕುರಿತು ಮಾತನಾಡುವಂತೆ ಸಂಘಟಕರು ಸೂಚಿಸಿದ್ದಾರೆ. ಮದ್ರಸದಲ್ಲಿ ಕಲಿತವರಿಗೆ ಸಿನಿಮಾದ ಗೊಡವೆ ಏಕೆ ಎಂದು ಸಭೆಯಲ್ಲಿ ಕೆಲವರಿಗಾದರೂ ಅನಿಸಿರಬಹುದು. ಸಿನಿಮಾ ನೋಡಬೇಕೇ, ಬೇಡವೇ ಎಂಬ ಚರ್ಚೆಗೆ ನಾವು ಇಲ್ಲಿ ಇಳಿಯುವುದಿಲ್ಲ. ಏಕೆಂದರೆ ನಾವು ಥಿಯೇಟರಿಗೆ ಹೋಗದಿದ್ದರೂ ಅದು ಟಿ.ವಿ. ಮತ್ತು ಮೊಬೈಲ್‌ಗಳ ಮೂಲಕ ನಮ್ಮ ಮನೆಯೊಳಗೆ ಬಂದಾಗಿದೆ. ಬಂದಿರುವುದನ್ನು ಅರ್ಥ ಮಾಡಿಕೊಳ್ಳುವುದು ಹೇಗೆ ಎಂಬುದಷ್ಟೇ ಇಂದಿನ ಪ್ರಶ್ನೆ.

ಕೆಲವು ವರ್ಷಗಳ ಹಿಂದೆ ಪರಿಚಿತರೊಬ್ಬರ ಮನೆಗೆ ಹೋಗಿದ್ದೆವು. ಒಂಬತ್ತನೇ ತರಗತಿಯಲ್ಲಿ ಓದುತ್ತಿದ್ದ ಅವರ ಮಗ ಮುಖ ಸಪ್ಪಗೆ ಮಾಡಿಕೊಂಡು ಕುಳಿತಿದ್ದ. ವಿಚಾರಿಸಿದಾಗ, ತರಗತಿಯ ಗೆಳೆಯರು ತನ್ನನ್ನು ‘ಖಿಲ್ಜಿ’ ಎಂದು ಕರೆಯುತ್ತಿದ್ದಾರೆ ಎಂದ. ಆಗ ‘ಪದ್ಮಾವತ್’ ಚಿತ್ರ ಬಿಡುಗಡೆಯಾಗಿ ಕೆಲವೇ ವಾರಗಳಾಗಿದ್ದವು. “ಚಾಚಾ, ಖಿಲ್ಜಿ ನಿಜವಾಗಿಯೂ ಹಾಗೆಯೇ ಇದ್ದನೇ?” ಎಂದು ಅವನು ಕೇಳಿದ. ನಾವು ಬಾಯಿ ತೆರೆಯುವ ಮೊದಲೇ ತಂದೆ, “ಸಿನಿಮಾ ಎಲ್ಲವೂ ಸುಳ್ಳು, ಹೋಗಿ ಓದಿಕೋ” ಎಂದು ಗದರಿಸಿದರು. ಹುಡುಗ ಎದ್ದು ಹೋದ. ಆದರೆ ಅವನ ಪ್ರಶ್ನೆ ಅಲ್ಲಿಯೇ ಉಳಿಯಿತು. ಇಂದು ಅದಕ್ಕೆ ಉತ್ತರಿಸಲು ಪ್ರಯತ್ನಿಸೋಣ.

ಅಲಾವುದ್ದೀನ್ ಖಿಲ್ಜಿ ಚಿತ್ತೋರನ್ನು ಗೆದ್ದದ್ದು 1303ರಲ್ಲಿ. ಪದ್ಮಾವತಿಯ ಕಥೆಯನ್ನು ಸೂಫಿ ಕವಿ ಮಲಿಕ್ ಮುಹಮ್ಮದ್ ಜಾಯಸಿ ಕಾವ್ಯವಾಗಿ ಬರೆದದ್ದು 1540ರಲ್ಲಿ. ನಡುವೆ 237 ವರ್ಷಗಳ ಅಂತರವಿದೆ. ಅಂದರೆ ಚಿತ್ರದ ಮೂಲ ಒಂದು ಕಾವ್ಯವೇ ಹೊರತು ಚರಿತ್ರೆಯ ದಾಖಲೆಯಲ್ಲ. ಖಿಲ್ಜಿ ಮಂಗೋಲರ ದಾಳಿಗಳನ್ನು ಹಿಮ್ಮೆಟ್ಟಿಸಿದ್ದು, ದಿಲ್ಲಿಯ ಮಾರುಕಟ್ಟೆಯಲ್ಲಿ ಧಾನ್ಯಕ್ಕೆ ಬೆಲೆ ನಿಗದಿಪಡಿಸಿದ್ದು ದಾಖಲಾಗಿರುವ ಸಂಗತಿಗಳು. ಅದೇ ರೀತಿ, 1296ರಲ್ಲಿ ಆತ ತನ್ನ ಚಿಕ್ಕಪ್ಪನೂ ಮಾವನೂ ಆಗಿದ್ದ ಸುಲ್ತಾನ್ ಜಲಾಲುದ್ದೀನ್‌ರನ್ನು ಕೊಲ್ಲಿಸಿ ಸಿಂಹಾಸನವೇರಿದ್ದೂ ದಾಖಲಾಗಿದೆ. ಆತನ ದಂಡು 1311ರಲ್ಲಿ ನಮ್ಮ ಹಾಸನ ಜಿಲ್ಲೆಯ ಹಳೇಬೀಡಿನವರೆಗೂ, ಅಂದರೆ ಅಂದಿನ ದ್ವಾರಸಮುದ್ರದವರೆಗೂ ಬಂದು ಸಂಪತ್ತನ್ನು ಹೊತ್ತೊಯ್ದಿತ್ತು. ನಾವು ಖಿಲ್ಜಿಯ ವಕೀಲರಲ್ಲ, ಆಗಬೇಕಾಗಿಯೂ ಇಲ್ಲ. ಮಧ್ಯಯುಗದ ಅರಸರು ಯಾವ ಧರ್ಮದವರೇ ಆಗಿರಲಿ, ರಾಜ್ಯಕ್ಕಾಗಿ ಯುದ್ಧ ಮಾಡಿದರು, ಸಿಂಹಾಸನಕ್ಕಾಗಿ ರಕ್ತ ಸಂಬಂಧಿಗಳನ್ನೂ ಕೊಂದರು. ಆದರೆ ಮಾಂಸವನ್ನು ಕಚ್ಚಿ ಎಳೆಯುವ, ಕೂದಲು ಕೆದರಿದ, ಮೃಗದಂತಹ ಮನುಷ್ಯನಿದ್ದಾನಲ್ಲ, ಅವನು ಚರಿತ್ರೆಯಿಂದ ಬಂದವನಲ್ಲ, ಚಿತ್ರ ತಯಾರಿಸಿದವರ ಕಲ್ಪನೆಯಿಂದ ಬಂದವನು.

ಹಾಗಾದರೆ ನಮಗೆ ಮೆಚ್ಚುಗೆಯಾಗುವ ಚಿತ್ರಗಳೆಲ್ಲ ಸತ್ಯವೇ? ಇಲ್ಲಿಯೂ ಪ್ರಾಮಾಣಿಕರಾಗಿರಬೇಕು. 1960ರಲ್ಲಿ ಕೆ. ಆಸಿಫ್ ನಿರ್ದೇಶಿಸಿದ ‘ಮುಘಲ್-ಎ-ಆಝಂ’ ಚಿತ್ರವನ್ನು ನಮ್ಮ ಹಿರಿಯರು ಇಂದಿಗೂ ಹೊಗಳುತ್ತಾರೆ. ಆದರೆ ಅಕ್ಬರನಾಮದಲ್ಲಾಗಲಿ, ಜಹಾಂಗೀರನ ಆತ್ಮಕಥನದಲ್ಲಾಗಲಿ ಅನಾರ್ಕಲಿಯ ಹೆಸರೇ ಇಲ್ಲ. ಆ ಕಥೆಯನ್ನು ಜನಪ್ರಿಯಗೊಳಿಸಿದ್ದು ಇಮ್ತಿಯಾಝ್ ಅಲಿ ತಾಜ್ ಅವರು 1922ರಲ್ಲಿ ಬರೆದ ಉರ್ದು ನಾಟಕ. ಹಾಗಿದ್ದರೂ ಆ ಚಿತ್ರದಲ್ಲಿ ಹಿಂದೂಸ್ತಾನವೇ ಎದ್ದು ನಿಂತು ಕಥೆ ಹೇಳುತ್ತದೆ, ಅಕ್ಬರನ ಅರಮನೆಯಲ್ಲಿ ಕೃಷ್ಣ ಜನ್ಮಾಷ್ಟಮಿ ನಡೆಯುತ್ತದೆ. ದೇಶ ವಿಭಜನೆಯ ಗಾಯ ಇನ್ನೂ ಮಾಯದಿದ್ದ, ಕೂಡಿ ಬಾಳುವ ಕನಸನ್ನು ಬಿಟ್ಟುಕೊಡದಿದ್ದ ಕಾಲದ ಚಿತ್ರ ಅದು. ಅಲ್ಲಿ ಕಾಣುವುದು 16ನೇ ಶತಮಾನಕ್ಕಿಂತ ಹೆಚ್ಚಾಗಿ 1960ರ ಭಾರತ. ಹಾಗೆಯೇ ‘ಪದ್ಮಾವತ್’ನಲ್ಲಿ ಕಾಣುವುದು 1303ಕ್ಕಿಂತ ಹೆಚ್ಚಾಗಿ 2018ರ ಭಾರತ. ಐತಿಹಾಸಿಕ ಚಿತ್ರವು ತಾನು ತೋರಿಸುವ ಕಾಲಕ್ಕಿಂತಲೂ ತಾನು ತಯಾರಾದ ಕಾಲಕ್ಕೆ ಹೆಚ್ಚು ಒಳ್ಳೆಯ ಸಾಕ್ಷಿ. ಈ ಒಂದು ಮಾತನ್ನು ನಮ್ಮ ಮಕ್ಕಳು ಅರಿತರೆ ಸಾಕು, ಅರ್ಧ ಕೆಲಸ ಮುಗಿದಂತೆ.

ಕಾವ್ಯವನ್ನು ಚರಿತ್ರೆಯೆಂದು ನಂಬುವುದು ಒಂದು ಅಪಾಯ. ಅಂಕಿ ಸಂಖ್ಯೆಗಳ ವೇಷದಲ್ಲಿ ಬರುವ ಕಲ್ಪನೆ ಅದಕ್ಕಿಂತಲೂ ದೊಡ್ಡ ಅಪಾಯ. 2023ರಲ್ಲಿ ಬಿಡುಗಡೆಯಾದ ‘ದಿ ಕೇರಳ ಸ್ಟೋರಿ’ ಚಿತ್ರದ ಪ್ರಚಾರದಲ್ಲಿ 32,000 ಯುವತಿಯರ ಮತಾಂತರದ ಮಾತು ಹೇಳಲಾಗಿತ್ತು. ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ಆ ಸಂಖ್ಯೆಯನ್ನು ಸಮರ್ಥಿಸುವ ಅಧಿಕೃತ ಮಾಹಿತಿ ಇಲ್ಲವೆಂದೂ ಇದು ಕಾಲ್ಪನಿಕ ರೂಪಾಂತರವೆಂದೂ ಸೂಚನೆ ಹಾಕುವುದಾಗಿ ಚಿತ್ರದ ನಿರ್ಮಾಪಕರು ಅದೇ ವರ್ಷದ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಪ್ಪಿಕೊಂಡರು. ಆದರೆ ಸಂಖ್ಯೆ ಊರೂರು ತಲುಪಿದಷ್ಟು ವೇಗವಾಗಿ ಆ ಸೂಚನೆ ತಲುಪಲಿಲ್ಲ. 2025ರಲ್ಲಿ ಪ್ರಕಟವಾದ 71ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ನಿರ್ದೇಶನದ ಗೌರವ ಇದೇ ಚಿತ್ರಕ್ಕೆ ದೊರೆಯಿತು. ಇಂತಹ ಕಾಲದಲ್ಲಿ ನಮ್ಮ ಮಕ್ಕಳು ಶಾಲೆಯ ಬೆಂಚುಗಳ ಮೇಲೆ ಕುಳಿತಿದ್ದಾರೆ ಎಂಬುದನ್ನು ನಾವು ಮರೆಯಬಾರದು.

ಸಿನಿಮಾ ಸತ್ಯ ಹೇಳಲಾರದು ಎಂದು ಇದರ ಅರ್ಥವಲ್ಲ. ಮೈಸೂರಿನವರಾದ ಎಂ.ಎಸ್. ಸತ್ಯು ಅವರು 1973ರಲ್ಲಿ ‘ಗರಂ ಹವಾ’ ಎಂಬ ಚಿತ್ರ ತಯಾರಿಸಿದರು. ಇಸ್ಮತ್ ಚುಗ್ತಾಯಿಯವರ ಕಥೆಯನ್ನು ಆಧರಿಸಿ ಕೈಫಿ ಆಝ್ಮಿ ಮತ್ತು ಶಮಾ ಝೈದಿ ಚಿತ್ರಕಥೆ ಬರೆದರು. ಆಗ್ರಾದ ಚಪ್ಪಲಿ ತಯಾರಕ ಸಲೀಂ ಮಿರ್ಝಾ ವಿಭಜನೆಯ ಬಳಿಕ ಭಾರತದಲ್ಲಿಯೇ ಉಳಿಯುತ್ತಾರೆ. ಅಣ್ಣ ಪಾಕಿಸ್ತಾನಕ್ಕೆ ಹೋಗುತ್ತಾನೆ. ಬ್ಯಾಂಕು ಸಾಲ ಕೊಡುವುದಿಲ್ಲ, ಅಣ್ಣನ ಹೆಸರಿನಲ್ಲಿದ್ದ ಮನೆ ಕೈತಪ್ಪುತ್ತದೆ. ಮನೆ ಬಿಟ್ಟು ಹೋಗಲು ಒಪ್ಪದ ವೃದ್ಧ ತಾಯಿ ಸೌದೆಯ ಕೋಣೆಯಲ್ಲಿ ಅಡಗಿ ಕೂರುತ್ತಾಳೆ. ಅಲ್ಲಿ ಗಡ್ಡಧಾರಿ ಖಳನಿಲ್ಲ, ಹೂ ಹಾರ ಹಾಕಿದ ಸಂತನೂ ಇಲ್ಲ. ಬಾಡಿಗೆ ಮನೆ ಹುಡುಕುವ, ಮಗಳ ಮದುವೆಯ ಚಿಂತೆಯಲ್ಲಿರುವ ಒಬ್ಬ ಮನುಷ್ಯನಿದ್ದಾನೆ, ಅಷ್ಟೇ. ಗಲಭೆಯಾದೀತೆಂಬ ಭಯದಿಂದ ಸೆನ್ಸಾರ್ ಮಂಡಳಿಯು ತಿಂಗಳುಗಟ್ಟಲೆ ತಡೆದಿರಿಸಿದ್ದ ಆ ಚಿತ್ರಕ್ಕೆ ಬಳಿಕ ರಾಷ್ಟ್ರೀಯ ಭಾವೈಕ್ಯ ಪ್ರಶಸ್ತಿ ದೊರೆಯಿತು.

ಇಲ್ಲಿಯವರೆಗೆ ನೀವೆಲ್ಲರೂ ತಲೆದೂಗಿದಿರಿ. ಇನ್ನು ಮುಂದಿನ ಮಾತು ಸ್ವಲ್ಪ ಕಹಿಯಾಗಬಹುದು.

ಗಿರೀಶ್ ಕಾಸರವಳ್ಳಿಯವರು 2004ರಲ್ಲಿ ‘ಹಸೀನಾ’ ಚಿತ್ರವನ್ನು ನಿರ್ದೇಶಿಸಿದರು. ಅದರ ಮೂಲ ಹಾಸನದ ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆ. ಗಂಡನಿಂದ ಪರಿತ್ಯಕ್ತಳಾದ, ಹೆಣ್ಣು ಮಕ್ಕಳ ತಾಯಿಯೊಬ್ಬಳು ನ್ಯಾಯ ಕೇಳಿಕೊಂಡು ಮಸೀದಿಯ ಆಡಳಿತದವರ ಬಾಗಿಲಿಗೆ ಬರುತ್ತಾಳೆ. ಅವಳಿಗೆ ಸಿಗುವುದು ಮೌನ. ಆ ಪಾತ್ರಕ್ಕಾಗಿ ನಟಿ ತಾರಾ ರಾಷ್ಟ್ರಪ್ರಶಸ್ತಿ ಪಡೆದರು. ಅದೇ ಬಾನು ಮುಷ್ತಾಕ್ 2025ರಲ್ಲಿ ಅನುವಾದಕಿ ದೀಪಾ ಭಾಸ್ತಿಯವರೊಂದಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದಾಗ ನಾವೆಲ್ಲರೂ ಸಂಭ್ರಮಿಸಿದೆವು. ಆದರೆ ಇಂತಹ ಕಥೆಗಳು ಬಂದಾಗ ನಮ್ಮ ಬಾಯಿಂದ ಮೊದಲು ಹೊರಡುವ ಮಾತು ಯಾವುದು? ‘ನಮ್ಮ ಮನೆಯ ವಿಷಯ ಬೀದಿಗೆ ತಂದರು’ ಎಂಬುದಲ್ಲವೇ? ಅಂತಹ ಹೆಣ್ಣೊಬ್ಬಳು ನಮ್ಮ ಮೊಹಲ್ಲಾದಲ್ಲಿ ಇದ್ದಾಳೆಯೇ, ಅವಳ ಅರ್ಜಿ ನಮ್ಮ ಜಮಾಅತ್‌ನ ಕಡತದಲ್ಲಿ ಎಷ್ಟು ತಿಂಗಳಿನಿಂದ ಬಿದ್ದಿದೆ ಎಂದು ಕೇಳುವವರು ಎಷ್ಟು ಮಂದಿ?

ಅದೇ ನಿರ್ದೇಶಕರು 2008ರಲ್ಲಿ ವೈದೇಹಿಯವರ ಕಥೆಯಿಂದ ‘ಗುಲಾಬಿ ಟಾಕೀಸ್’ ಮಾಡಿದರು. ಕರಾವಳಿಯ ಮೀನುಗಾರರ ನಡುವೆ ಬಾಳುವ ಸೂಲಗಿತ್ತಿ ಗುಲಾಬಿಯ ಮನೆಗೆ ಟಿ.ವಿ. ಬರುತ್ತದೆ, ಕೇರಿಯ ಹೆಂಗಸರು ಅಲ್ಲಿ ಸೇರುತ್ತಾರೆ. ಊರಿನ ಗಾಳಿ ಬದಲಾದಾಗ, ಎಲ್ಲರ ಮಕ್ಕಳನ್ನು ಎತ್ತಿ ಆಡಿಸಿದ ಅದೇ ಗುಲಾಬಿ ಕೇವಲ ಮುಸ್ಲಿಮಳಾಗಿ ಬಿಡುತ್ತಾಳೆ. ಒಬ್ಬರೇ ನಿರ್ದೇಶಕರು ಒಂದು ಚಿತ್ರದಲ್ಲಿ ನಮ್ಮ ತಪ್ಪನ್ನು ತೋರಿಸಿದರು, ಇನ್ನೊಂದರಲ್ಲಿ ನಮ್ಮ ಮೇಲಾದ ಅನ್ಯಾಯವನ್ನು ತೋರಿಸಿದರು. ಎರಡನೆಯದಕ್ಕೆ ಚಪ್ಪಾಳೆ ತಟ್ಟಿ ಮೊದಲನೆಯದಕ್ಕೆ ಮುಖ ತಿರುಗಿಸಿದರೆ, ಸುಳ್ಳು ಚಿತ್ರಗಳ ವಿರುದ್ಧ ಮಾತನಾಡುವ ನೈತಿಕ ಬಲ ನಮಗೆ ಎಲ್ಲಿಂದ ಬರಬೇಕು?

ಆದ್ದರಿಂದ ಚಿತ್ರವೊಂದರ ಬಗ್ಗೆ ಮನೆಯಲ್ಲಿ ಮಾತು ಬಂದಾಗ ಮಕ್ಕಳ ಜೊತೆ ಕುಳಿತು ಮೂರು ಪ್ರಶ್ನೆ ಕೇಳಿರಿ. ಈ ಕಥೆಯ ಮೂಲ ಯಾವುದು, ದಾಖಲೆಯೋ ಕಲ್ಪನೆಯೋ? ಇದು ಯಾವ ವರ್ಷ, ಯಾವ ವಾತಾವರಣದಲ್ಲಿ ತಯಾರಾಯಿತು? ಇದರಲ್ಲಿ ನಾವು ತಿದ್ದಿಕೊಳ್ಳಬೇಕಾದ ಸತ್ಯವೇನಾದರೂ ಇದೆಯೇ? ಮೊದಲ ಎರಡು ಪ್ರಶ್ನೆಗಳು ಮಕ್ಕಳನ್ನು ಕೀಳರಿಮೆಯಿಂದ ಕಾಪಾಡುತ್ತವೆ. ಮೂರನೆಯದು ಅಹಂಕಾರದಿಂದ ಕಾಪಾಡುತ್ತದೆ. ಕಲೆಯಲ್ಲಿ ಆಸಕ್ತಿಯಿರುವ ನಮ್ಮ ಮಕ್ಕಳಿದ್ದರೆ ಅವರು ಬರೆಯಲಿ, ಸಾಕ್ಷ್ಯಚಿತ್ರ ಮಾಡಲಿ, ಇತಿಹಾಸವನ್ನು ಕಾಲೇಜಿನಲ್ಲಿ ಓದಲಿ. ಇತರರು ನಮ್ಮನ್ನು ಸರಿಯಾಗಿ ತೋರಿಸಲಿಲ್ಲ ಎಂದು ದೂರುವುದರಲ್ಲಿಯೇ ಒಂದು ತಲೆಮಾರು ಕಳೆದುಹೋಗುವುದು ಬೇಡ.

ಆ ಹುಡುಗ ಈಗ ಕಾಲೇಜು ಮುಗಿಸುವ ವಯಸ್ಸಿನವನಾಗಿರಬೇಕು. ಅಂದು ಅವನಿಗೆ ಬೇಕಾಗಿದ್ದುದು ಗದರಿಕೆಯಲ್ಲ, ಹತ್ತು ನಿಮಿಷಗಳ ಮಾತು. ಅದನ್ನು ಕೊಡಲು ನಮ್ಮಿಂದಲೂ ಆಗಲಿಲ್ಲ, ತಂದೆ ಗದರಿಸಿದಾಗ ನಾವೂ ಸುಮ್ಮನಿದ್ದೆವು. ನಿಮ್ಮ ಮನೆಯ ಮಗುವಿಗೆ ಆ ಹತ್ತು ನಿಮಿಷಗಳನ್ನು ಇಂದು ರಾತ್ರಿಯೇ ಕೊಡಿರಿ ಎಂದು ವಿನಂತಿಸುತ್ತಾ ಮಾತು ಮುಗಿಸುತ್ತೇವೆ.