ಆಪರೇಷನ್ ಥಿಯೇಟರಿನ ಹಿಂದಿನ ಕೋಣೆ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ನಾನು ಬಿ.ಇ. ಮಾಡಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದೇನೆ. ಸಮಿತಿಯವರು ಫೋನ್ ಮಾಡಿ, "ನಿಮ್ಮ ಕೆಲಸದ ಬಗ್ಗೆ ಮಕ್ಕಳಿಗೆ ಹತ್ತು ನಿಮಿಷ ಹೇಳಿ" ಎಂದರು. ನನ್ನ ಕೆಲಸದ ಬಗ್ಗೆ ಹೇಳಲು ನಮ್ಮ ಬ್ಯಾಚಿನಲ್ಲೇ ನಾಲ್ವರಿದ್ದಾರೆ. ಅದರ ಬದಲು ನನ್ನ ಸಹಪಾಠಿಯೊಬ್ಬನ ಕೆಲಸದ ಬಗ್ಗೆ ಹೇಳುತ್ತೇನೆ. ಹೆಸರು ಹೇಳಬೇಡ ಎಂದಿದ್ದಾನೆ. ಕೊನೆಯ ಬೆಂಚು, ಗಣಿತದಲ್ಲಿ ಡುಮ್ಕಿ ಹೊಡೆದು ಸಪ್ಲಿಮೆಂಟರಿಯಲ್ಲಿ ಪಾಸಾದವನು ಎಂದರೆ ಗುರುತು ಸಿಗಬಹುದು. ಅಂಥವರು ಆರು ಜನ ಇದ್ದರು, ಊಹಿಸಿಕೊಳ್ಳಿ.

ಎರಡು ವರ್ಷದ ಹಿಂದೆ ನಮ್ಮಮ್ಮ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡರು. ಮೈಸೂರಿನ ಒಂದು ಆಸ್ಪತ್ರೆಗೆ ಸೇರಿಸಿದೆವು. ಬೆಳಿಗ್ಗೆ ಎಂಟಕ್ಕೆ ಆಪರೇಷನ್ ಎಂದಿದ್ದರು. ರಾತ್ರಿಯಿಂದ ಅಮ್ಮ ಏನೂ ತಿಂದಿರಲಿಲ್ಲ. ಒಂಬತ್ತಾಯಿತು, ಹತ್ತಾಯಿತು. ನರ್ಸಮ್ಮನನ್ನು ಕೇಳಿದರೆ "ಸೆಟ್ ವಾಪಸ್ ಹೋಗಿದೆ, ಮಧ್ಯಾಹ್ನ ಆಗುತ್ತೆ" ಎಂದರು. ನಾನು ಕಾರಿಡಾರಿನಲ್ಲೇ ಕೂಗಾಡಿದೆ. ದುಡ್ಡು ಕಟ್ಟಿಸಿಕೊಳ್ಳುವಾಗ ಇಲ್ಲದ ತಡ ಈಗ ಯಾಕೆ ಎಂದೆಲ್ಲ ಮಾತಾಡಿದೆ. ಇಂಜಿನಿಯರ್ ಅಂತ ಹೇಳಿಕೊಂಡೆ ಕೂಡ. ಅದಕ್ಕೂ ಇದಕ್ಕೂ ಏನು ಸಂಬಂಧವೋ.

ಆಗ ಒಳಗಿನಿಂದ ತಲೆಗೆ ಟೋಪಿ, ಮುಖಕ್ಕೆ ಮಾಸ್ಕ್ ಹಾಕಿದ್ದ ಒಬ್ಬ ಬಂದ. "ನಿಲ್ಸಿದ್ದು ನಾನೇ ಕಣ್ಲಾ. ಪ್ಯಾಕ್ ಒದ್ದೆ ಆಗದೆ" ಎಂದ. ದನಿ ಕೇಳಿ ಗುರುತು ಸಿಕ್ಕಿತು.

ಆಪರೇಷನ್ ಆದ ಮೂರನೇ ದಿನ ಅವನ ಜೊತೆ ಟೀ ಕುಡಿಯುತ್ತಾ ಕೇಳಿದ್ದನ್ನೇ ಈಗ ಹೇಳುತ್ತಿದ್ದೇನೆ. ಅವನಿರುವುದು ಸಿ.ಎಸ್.ಎಸ್.ಡಿ., ಅಂದರೆ ಸೆಂಟ್ರಲ್ ಸ್ಟೆರೈಲ್ ಸಪ್ಲೈ ಡಿಪಾರ್ಟ್‌ಮೆಂಟ್. ಆಪರೇಷನ್‌ಗೆ ಬಳಸಿದ ಕತ್ತರಿ, ಚಿಮಟ, ಮೂಳೆಯ ಡ್ರಿಲ್ಲು ಎಲ್ಲ ರಕ್ತ ಹತ್ತಿಕೊಂಡೇ ಅಲ್ಲಿಗೆ ಬರುತ್ತವೆ. ಮೊದಲು ತೊಳೆಯಬೇಕು. ಕೀಲುಗಳನ್ನು ಬಿಚ್ಚಿ, ಕೊಳವೆಗಳ ಒಳಗೆ ಸಣ್ಣ ಬ್ರಷ್ ಹಾಕಿ ಉಜ್ಜಬೇಕು. ರಕ್ತ ಒಣಗಿ ಅಂಟಿದ್ದರೆ ಅದರ ಅಡಿಯ ಕ್ರಿಮಿಗೆ ಹಬೆ ತಲುಪುವುದೇ ಇಲ್ಲ. ತಳ ಹಿಡಿದ ಪಾತ್ರೆಯನ್ನು ಉಜ್ಜದೆ ಬರೀ ಬಿಸಿನೀರು ಸುರಿದಂತೆ. ಆಮೇಲೆ ಒಣಗಿಸಿ, ಭೂತಗನ್ನಡಿಯಲ್ಲಿ ಒಂದೊಂದನ್ನೂ ನೋಡಿ, ಎಣಿಸಿ, ಸುತ್ತಿ ಆಟೋಕ್ಲೇವ್‌ಗೆ ಹಾಕುತ್ತಾರೆ. ಈ ಕೆಲಸದಲ್ಲಿ ಕೈಗೆ ಚುಚ್ಚಿಕೊಳ್ಳುವ ಭಯ ದಿನವೂ ಇದೆ. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡೇ ಒಳಗೆ ಹೋಗಬೇಕು.

ಆಟೋಕ್ಲೇವ್ ಎಂದರೆ ನಮ್ಮ ಮನೆಯ ಕುಕ್ಕರಿನ ದೊಡ್ಡಣ್ಣ. 1879ರಲ್ಲಿ ಫ್ರಾನ್ಸಿನಲ್ಲಿ ಪಾಶ್ಚರ್ ಅವರ ಜೊತೆಗಾರ ಶಾಂಬರ್‌ಲಾಂಡ್ ಮಾಡಿದ್ದು. ನೀರು 100 ಡಿಗ್ರಿಯಲ್ಲಿ ಕುದಿದರೆ ಬಹಳ ಕ್ರಿಮಿಗಳು ಸಾಯುತ್ತವೆ, ಎಲ್ಲವೂ ಅಲ್ಲ. ಕೆಲವು ಬ್ಯಾಕ್ಟೀರಿಯಾಗಳು ಗಟ್ಟಿ ಕವಚ ಕಟ್ಟಿಕೊಂಡು, ಹಗೇವಿನಲ್ಲಿ ರಾಗಿ ಉಳಿದಂತೆ ಉಳಿದುಬಿಡುತ್ತವೆ. ಅದಕ್ಕೆ ಒತ್ತಡದ ಹಬೆ ಬೇಕು: 121 ಡಿಗ್ರಿಯಲ್ಲಾದರೆ 15 ನಿಮಿಷಕ್ಕೂ ಹೆಚ್ಚು, 134 ಡಿಗ್ರಿಯಲ್ಲಾದರೆ ಮೂರು ನಾಲ್ಕು ನಿಮಿಷ. ಒಳಗಿನ ಗಾಳಿ ಪೂರ್ತಿ ಹೊರಹೋಗಿರಬೇಕು. ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಹಬೆ ಜೋರಾಗಿ ಬಂದ ಮೇಲೇ ಅಲ್ಲವೇ ನೀವು ವೆಯ್ಟ್ ಇಡುವುದು? ಆಲೆಮನೆ, ಸಕ್ಕರೆ ಕಾರ್ಖಾನೆಯ ಜಿಲ್ಲೆಯವರು ನಾವು. ಹಬೆ ನಮಗೆ ಹೊಸದಲ್ಲ.

ಗಾಳಿ ಹೋಗಿದೆಯೋ ಇಲ್ಲವೋ ಎಂದು ನೋಡಲು ಪ್ರತಿದಿನ ಬೆಳಿಗ್ಗೆ ಖಾಲಿ ಮೆಷಿನ್‌ನಲ್ಲಿ ಒಂದು ಪ್ಯಾಕ್ ಇಟ್ಟು ಓಡಿಸುತ್ತಾರೆ. ಬೋವಿ-ಡಿಕ್ ಪರೀಕ್ಷೆ ಎಂದು ಹೆಸರು. ಒಳಗಿನ ಹಾಳೆ ಅಂಚಿನಿಂದ ನಡುವಿನವರೆಗೆ ಒಂದೇ ಸಮ ಬಣ್ಣ ತಿರುಗಿರಬೇಕು. ನಡುವೆ ಮಸುಕು ಉಳಿದರೆ ಆ ಮೆಷಿನ್ ಆವತ್ತು ಬಂದ್. ಪ್ಯಾಕಿನ ಮೇಲಿನ ಟೇಪಿನಲ್ಲಿ ಕಪ್ಪು ಗೆರೆ ಮೂಡಿದರೆ ಅದು ಮೆಷಿನ್ ಒಳಗೆ ಹೋಗಿಬಂದಿದೆ ಎಂದಷ್ಟೇ ಅರ್ಥ, ಕ್ರಿಮಿ ಸತ್ತಿದೆ ಎಂದಲ್ಲ. ಹಾಗಾಗಿ ಬಹಳ ಗಟ್ಟಿಯಾದ ಒಂದು ಬ್ಯಾಕ್ಟೀರಿಯಾದ ಸ್ಪೋರುಗಳನ್ನು ಬೇಕೆಂದೇ ಸಣ್ಣ ಸೀಸೆಯಲ್ಲಿ ಒಳಗಿಟ್ಟು, ಆಮೇಲೆ ಬೆಚ್ಚಗಿಟ್ಟು ನೋಡುತ್ತಾರೆ. ಅದು ಮತ್ತೆ ಬೆಳೆದರೆ ಮೆಷಿನ್ ಸೋತಿದೆ ಎಂದು ಲೆಕ್ಕ. ಪ್ರತಿ ಪ್ಯಾಕಿನ ಮೇಲೂ ಮೆಷಿನ್ ನಂಬರು, ಲೋಡ್ ನಂಬರು, ತಾರೀಕು. ಏನಾದರೂ ತಪ್ಪು ಕಂಡರೆ ಆ ಲೋಡಿನ ಪ್ಯಾಕುಗಳು ಎಲ್ಲೆಲ್ಲಿವೆ ಎಂದು ಹುಡುಕಿ ವಾಪಸ್ ತರಿಸುತ್ತಾರೆ. ನಮ್ಮ ಕಂಪ್ಯೂಟರ್ ಲಾಗ್‌ಗಿಂತ ಅವನ ರಿಜಿಸ್ಟರ್ ಅಚ್ಚುಕಟ್ಟಾಗಿತ್ತು.

ಇಷ್ಟೆಲ್ಲ ಆದ ಮೇಲೂ ಒದ್ದೆ ಪ್ಯಾಕ್ ಯಾಕೆ ಬೇಡ? ಮೂಳೆ ಆಪರೇಷನ್‌ನ ಸೆಟ್ ಬಲು ಭಾರ. ಅಷ್ಟು ಲೋಹದ ಮೇಲೆ ಹಬೆ ನೀರಾಗಿ ನಿಂತುಬಿಡುತ್ತದೆ. ಒಳಗೆ ಕ್ರಿಮಿ ಇಲ್ಲದಿರಬಹುದು. ಆದರೆ ದೀಪದ ಬತ್ತಿ ಎಣ್ಣೆ ಎಳೆದುಕೊಂಡ ಹಾಗೆ ಒದ್ದೆ ಬಟ್ಟೆ ಹೊರಗಿನ ಕ್ರಿಮಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಅದಕ್ಕೇ ಅವನು ಸೆಟ್ ಅನ್ನು ಪೂರ್ತಿ ಬಿಚ್ಚಿಸಿ, ಮತ್ತೆ ಸುತ್ತಿ, ಮತ್ತೆ ಹಾಕಿಸಿದ್ದ. ಸರ್ಜನ್ ಎರಡು ಸಲ ಫೋನ್ ಮಾಡಿದ್ದರಂತೆ. ಹೊರಗೆ ನಾನು ಬೇರೆ.

ನಾನು ಕೇಳಿದೆ: "ನೀನು ಸುಮ್ನೆ ಬಿಟ್ಟಿದ್ರೆ ಯಾರಿಗೆ ಗೊತ್ತಾಗ್ತಿತ್ತು?"

"ಯಾರ್ಗೂ ಗೊತ್ತಾಗ್ತಿರ್ಲಿಲ್ಲ" ಎಂದ. "ಹದಿನೈದು ದಿನ ಬಿಟ್ಟು ಕೀವಾಗಿದ್ರೂ ಎಲ್ಲಿಂದ ಬಂತು ಅಂತ ಯಾರ್ಗೂ ಗೊತ್ತಾಗ್ತಿರ್ಲಿಲ್ಲ. ನಂಗೊಬ್ನಿಗೆ."

ನನಗೆ ಟೀ ಗಂಟಲಲ್ಲಿ ಇಳಿಯಲಿಲ್ಲ. ಇಲ್ಲಿ ಗುರುಗಳ ಮುಂದೆ ಒಪ್ಪಿಕೊಳ್ಳುತ್ತೇನೆ: ನನ್ನ ಕೆಲಸದಲ್ಲಿ ಪರೀಕ್ಷೆ ಮಾಡದೆಯೇ "ಮಾಡಿದೆ" ಎಂದು ಟಿಕ್ ಹಾಕಿದ್ದುಂಟು. ತಪ್ಪಿದ್ದರೆ ಸೋಮವಾರ ತೇಪೆ ಹಾಕಿದರಾಯಿತು ಎನ್ನುವುದು ನಮ್ಮ ಧೈರ್ಯ. ಅವನು ಹೊರಗೆ ಬಿಟ್ಟ ಪ್ಯಾಕಿಗೆ ತೇಪೆ ಹಾಕುವ ಸೋಮವಾರ ಇಲ್ಲ.

ಇನ್ನು ಮಕ್ಕಳಿಗೆ ಒಂದು ಮಾತು. ಅವನು ಪ್ಯಾರಾಮೆಡಿಕಲ್ ಬೋರ್ಡಿನ ಆಪರೇಷನ್ ಥಿಯೇಟರ್ ಟೆಕ್ನಾಲಜಿ ಡಿಪ್ಲೊಮಾ ಮಾಡಿದವನು. ಎಸ್ಸೆಸ್ಸೆಲ್ಸಿ ಮುಗಿಸಿಯೇ ಸೇರಿದ. ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆ, ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ, ನಮ್ಮ ಕಡೆಯವರು ಹೋಗುವುದು ಇಲ್ಲಿಗೇ ಅಲ್ಲವೇ? ಆಪರೇಷನ್ ಇರುವ ಕಡೆಯೆಲ್ಲ ಈ ಕೆಲಸ ಯಾರಾದರೂ ಮಾಡಲೇಬೇಕು. ಸಣ್ಣ ಆಸ್ಪತ್ರೆಯಲ್ಲಿ ಬೇರೆ ವಿಭಾಗ ಇಲ್ಲದಿದ್ದರೆ ಥಿಯೇಟರಿನ ಸಿಬ್ಬಂದಿಯೇ ಮಾಡುತ್ತಾರೆ. ಹೆಸರಿನ ಬೋರ್ಡು ಸಿಗುವ ಕೆಲಸವಲ್ಲ. ಸೆಕೆ, ನಿಂತೇ ಇರಬೇಕು, ರಾತ್ರಿ ಪಾಳಿ, ಭಾರ ಎತ್ತಿ ಬೆನ್ನುನೋವು. ಆಸೆ ಇದ್ದವರು ಬಂದು ಮಾತಾಡಲಿ, ಸಮಯ ಕೊಡುತ್ತೇನೆ ಎಂದಿದ್ದಾನೆ. ಅವನ ಫೋನ್ ನಂಬರನ್ನು ಮುಖ್ಯೋಪಾಧ್ಯಾಯರಿಗೆ ಕೊಟ್ಟಿದ್ದೇನೆ.

ಇವತ್ತು ಅವನೂ ಬರಬೇಕಿತ್ತು, ಡ್ಯೂಟಿ ಬಿತ್ತು. ಬೆಳಿಗ್ಗೆ ಫೋನ್ ಮಾಡಿದ್ದೆ. "ಹಾಳೆ ಪೂರ್ತಿ ತಿರುಗಿದೆ, ಮೆಷಿನ್ ಬಿಟ್ಟೆ, ನೀನು ಜಾಸ್ತಿ ಕೊರೀಬೇಡ" ಎಂದ. ಅಮ್ಮ ಅಲ್ಲಿ ಎರಡನೇ ಸಾಲಿನಲ್ಲಿ ಕೂತಿದ್ದಾರೆ, ಕೋಲು ಹಿಡಿದುಕೊಂಡು ನಡೆದೇ ಬಂದರು. ಅವನಿಗೆ ಅಂತ ಒಂದು ಡಬ್ಬಿ ಕಜ್ಜಾಯ ಕಟ್ಟಿದ್ದಾರೆ. ಸಂಜೆ ಮೈಸೂರಿಗೆ ಹೋಗಿ ಕೊಡಬೇಕು.