ಕಿವಿಗೆ ಬಿದ್ದದ್ದು ಕಣ್ಣಿಗೆ, ಕೈಗೆ



ಮಾದಾಪುರ, ಸುಂಟಿಕೊಪ್ಪದ ಕಡೆಯ ಶಾಲೆಗಳಲ್ಲಿ ಕನ್ನಡ ಕಲಿಯುವ ಮಕ್ಕಳೆಲ್ಲರ ಮನೆಮಾತು ಕನ್ನಡವಲ್ಲ. ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ, ತಮಿಳು, ಹೀಗೆ ಕೊಡಗಿನ ಮಾತುಗಳು ಹಲವು. ಕಿವಿಗೆ ಬೀಳದ ಮಾತನ್ನು ಕಣ್ಣಿನಿಂದ ಓದುವುದು ಎಳೆಯರಿಗೆ ಕಷ್ಟ. ಮೊಬೈಲು, ಟ್ಯಾಬು ಮೊದಲು ನೆರವಾಗಬೇಕಾದದ್ದು ಇಲ್ಲಿಯೇ.

ವರ್ಣಮಾಲೆಯ 49 ಅಕ್ಷರ ಬಂದರೆ ಓದು ಬಂದಂತಲ್ಲ. ಕಾಗುಣಿತ, ಒತ್ತಕ್ಷರ ಸೇರಿದರೆ ನೂರಾರು ರೂಪಗಳಾಗುತ್ತವೆ. ಇವೆಲ್ಲ ಕೈವಶವಾಗಲು ಮಕ್ಕಳಿಗೆ ಹಲವು ವರ್ಷ ಬೇಕೆಂದು ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ. ಆದ್ದರಿಂದ ಅವಸರ ಬೇಡ.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿಕಲಿ ಪದ್ಧತಿ ಈ ಕಷ್ಟವನ್ನು ಜಾಣತನದಿಂದ ಹಗುರ ಮಾಡಿತು. ಅಆಇಈ ಬಿಟ್ಟು ರ, ಗ, ಸ, ದ, ಅ ಎಂದು ಶುರುಮಾಡಿತು. ಅಷ್ಟರಲ್ಲೇ ಸರ, ಅರಸ, ಅಗಸ ಎಂಬ ಪದಗಳನ್ನು ಮಗು ಓದಬಲ್ಲದು. ನಮ್ಮ ಆಕಾಶವಾಣಿಯೂ 'ಚಿನ್ನರ ಚುಕ್ಕಿ' ಕಾರ್ಯಕ್ರಮದ ಮೂಲಕ ಹಾಡು, ಕತೆಗಳನ್ನು ತರಗತಿಗೆ ತಲುಪಿಸಿತು. ಉಪಕರಣ ಹೊಸದಿರಲಿ ಹಳೆಯದಿರಲಿ, ಕಲಿಸುವ ಕ್ರಮ ಸರಿಯಿದ್ದರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ.

ಈಗಿನ ಅನುಕೂಲಗಳನ್ನು ನೋಡಿ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ 'ಸ್ಟೋರಿವೀವರ್' ಜಾಲತಾಣದಲ್ಲಿ ಕನ್ನಡದ ಚಿತ್ರಕತೆಗಳು ಉಚಿತವಾಗಿ ಸಿಗುತ್ತವೆ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕು ಎರಡೂ ಕೈಕೊಡುವ ನಮ್ಮ ಸೀಮೆಯಲ್ಲಿ ಅವನ್ನು ಮುಂಚೆಯೇ ಇಳಿಸಿಕೊಂಡು, ಸಾಧ್ಯವಾದರೆ ಮುದ್ರಿಸಿಟ್ಟುಕೊಳ್ಳುವುದು ಒಳ್ಳೆಯದು. ಇನ್ನೊಂದು ಉಪಾಯಕ್ಕೆ ನೆಟ್ಟೇ ಬೇಡ. ಶಿಕ್ಷಕರು ಪಾಠ ಓದಿ ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕೊಡಲಿ. ಮಗು ಸಾಲಿನ ಮೇಲೆ ಬೆರಳಿಟ್ಟು ಕೇಳಲಿ. ಆಮೇಲೆ ತಾನೂ ಓದಿ, ಧ್ವನಿಮುದ್ರಿಸಿ, ತನ್ನ ದನಿ ಕೇಳಲಿ. ಎಲ್ಲಿ ತಡವರಿಸಿದೆನೆಂದು ಅದಕ್ಕೇ ತಿಳಿಯುತ್ತದೆ.

ಬರವಣಿಗೆಯ ಮಾತು ಬೇರೆ. ಕೀಲಿ ಒತ್ತಿದರೆ ಸಿದ್ಧ ಅಕ್ಷರ ಬರುತ್ತದೆ. ಗೆರೆ ಎಲ್ಲಿ ಶುರುವಾಯಿತು, ಎತ್ತ ತಿರುಗಿತು ಎಂಬುದು ಕೈಗೆ ತಿಳಿಯದು. ಪ, ಫ, ಷ ಬೇರೆಯಾಗುವುದು ಒಂದು ಪುಟ್ಟ ಗೆರೆಯಿಂದ. ಅದನ್ನು ಸ್ಲೇಟಿನ ಮೇಲೆ ತಿದ್ದಿಯೇ ಕಲಿಯಬೇಕು.

ತೋಟದ ಕೆಲಸ ಮುಗಿಸಿ ಬಂದ ತಾಯಿತಂದೆಯರಲ್ಲಿ ನನ್ನದೊಂದು ವಿನಂತಿ. ಮೊಬೈಲನ್ನು ಮಗುವಿನ ಕೈಗಿತ್ತು ಎದ್ದುಹೋಗಬೇಡಿ. ನಿಮಗೆ ಓದು ಬಾರದಿದ್ದರೂ ಸರಿ, ದಿನಕ್ಕೆ ಕಾಲು ಗಂಟೆ ಪಕ್ಕದಲ್ಲಿ ಕುಳಿತು, ಅದು ಓದಿದ ಕತೆಯನ್ನು ನಿಮ್ಮ ಮನೆಮಾತಿನಲ್ಲೇ ಹೇಳಿಸಿ ಕೇಳಿ.