ಸತ್ತ ಮಂಗದ ಸುದ್ದಿಯನ್ನು ಬಚ್ಚಿಡಬೇಡಿ

(ಕಾರ್ತಿಕ ಮಾಸದಲ್ಲಿ ನಡೆದ ಯುವಕ ಮಂಡಳಿ ಮತ್ತು ಮಹಿಳಾ ಮಂಡಳಿಗಳ ಕೂಡುಸಭೆಯಲ್ಲಿ ನಮ್ಮ ಬ್ಲಾಕಿನ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ನಾನು ಕೃಷಿ ಡಿಪ್ಲೊಮಾ ಓದಿದವನು. ಭತ್ತ, ಅಡಿಕೆ, ಗೊಬ್ಬರಗಳ ಮಾತು ಬಿಟ್ಟು ಜ್ವರದ ವಿಷಯ ಹೇಳಲು ನಿಂತಿರುವುದನ್ನು ಕಂಡು ತಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಬಹುದು. ಆದರೆ ನಮ್ಮ ಮಲೆನಾಡಿನಲ್ಲಿ ಮಂಗನ ಕಾಯಿಲೆ ಎಂಬುದು ಬೇಸಾಯಕ್ಕೆ ಹೊರಗಿನದಲ್ಲ. ಅದು ನಮ್ಮನ್ನು ಹಿಡಿಯುವುದೇ ಸೊಪ್ಪಿನ ಬೆಟ್ಟದಲ್ಲಿ, ದರಗು ಗುಡಿಸುವಾಗ, ಸೌದೆ ತರುವಾಗ, ದನ ಹುಡುಕಿಕೊಂಡು ಹೋದಾಗ. ಇನ್ನು ಕೆಲವೇ ದಿನಗಳಲ್ಲಿ ಮಾಗಿಯ ಚಳಿ ಬರುತ್ತದೆ. ಚಳಿಯ ಹಿಂದೆಯೇ ಈ ಕಾಯಿಲೆಯ ಕಾಲವೂ ಬರುತ್ತದೆ. ಆದುದರಿಂದ ಇಂದೇ ಎರಡು ಮಾತು ಹೇಳಬೇಕೆಂದು ಬಂದಿದ್ದೇನೆ.

1957ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಮುತ್ತಣ ಊರುಗಳ ಜನರಿಗೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿದರು. ಇದು ಹೊರದೇಶದ ಹಳದಿ ಜ್ವರವೇ ಇರಬಹುದೇ ಎಂದು ಮೊದಲು ಭಯಪಟ್ಟರು. ಪರೀಕ್ಷೆ ಮಾಡಿದಾಗ, ಅದುವರೆಗೆ ಜಗತ್ತಿಗೆ ಗೊತ್ತಿಲ್ಲದ ಹೊಸ ವೈರಾಣು ಎಂದು ತಿಳಿಯಿತು. ಆ ಕಾಡಿನ ಹೆಸರನ್ನೇ ಕಾಯಿಲೆಗೂ ಇಟ್ಟರು. ಹೀಗೆ ನಮ್ಮ ಒಂದು ಸಣ್ಣ ಊರಿನ ಹೆಸರು ಪ್ರಪಂಚದ ವೈದ್ಯಗ್ರಂಥಗಳಿಗೆಲ್ಲ ಹೋಯಿತು. ಇಂಥ ಕೀರ್ತಿ ನಮಗೆ ಬೇಕಿರಲಿಲ್ಲ.

ಕಾಯಿಲೆ ಅಲ್ಲಿಗೇ ನಿಲ್ಲಲಿಲ್ಲ. ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ನೆಡುವುದಕ್ಕಾಗಿ ಕಾಡು ಕಡಿದ ಕಡೆ, 1983ರ ಹಂಗಾಮಿನಲ್ಲಿ ಅದು ದೊಡ್ಡದಾಗಿ ಎದ್ದಿತು. ಒಂದೂವರೆ ಸಾವಿರಕ್ಕೂ ಹೆಚ್ಚು ಮಂದಿ ಮಲಗಿದರು, 150 ಮಂದಿ ತೀರಿಕೊಂಡರು. 2012ರಲ್ಲಿ ಬಂಡೀಪುರದ ಕಡೆಯ ಮಂಗಗಳಲ್ಲಿ ಕಂಡಿತು. ಆಮೇಲೆ ಕೇರಳದ ವಯನಾಡು, ತಮಿಳುನಾಡಿನ ನೀಲಗಿರಿ, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗಗಳಲ್ಲಿಯೂ ಕಾಣಿಸಿತು. 2019ರ ಮೊದಲ ತಿಂಗಳುಗಳಲ್ಲಿ ನಮ್ಮ ಸಾಗರ ತಾಲ್ಲೂಕಿನ ಅರಳಗೋಡು, 2024ರಲ್ಲಿ ಉತ್ತರ ಕನ್ನಡದ ಸಿದ್ಧಾಪುರ ತಾಲ್ಲೂಕು ಪಟ್ಟ ಪಾಡು ತಮಗೆ ಗೊತ್ತೇ ಇದೆ. ತಮ್ಮಲ್ಲಿ ಹಲವರ ನೆಂಟರು ಆ ಕಡೆ ಇದ್ದಾರೆ.

ಇದು ಮನುಷ್ಯನಿಂದ ಮನುಷ್ಯನಿಗೆ ಅಂಟುವ ಕಾಯಿಲೆಯಲ್ಲ. ಇದನ್ನು ತರುವುದು ಉಣುಗು. ಮಳೆಗಾಲದಲ್ಲಿ ಬಲಿತ ಉಣುಗು ದನದ ಮೈಮೇಲೆ ರಕ್ತ ಹೀರಿ, ಕೆಳಗೆ ಬಿದ್ದು ಮೊಟ್ಟೆಯಿಡುತ್ತದೆ. ಮಳೆ ಹಿಂದಾಗುವ ಕಾಲಕ್ಕೆ ಮರಿಗಳು ಹೊರಬರುತ್ತವೆ. ಅವು ಕಾಡಿನ ಇಲಿ, ಹಕ್ಕಿ, ಮಂಗಗಳಿಗೆ ಹತ್ತುತ್ತವೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಎಳೆಯ ಉಣುಗು ದರಗಿನ ಮೇಲೆ ಕಾದು ಕುಳಿತಿರುತ್ತದೆ. ಅದು ಸಾಸಿವೆಗಿಂತ ದೊಡ್ಡದಲ್ಲ, ಕಚ್ಚಿದ್ದೂ ತಿಳಿಯುವುದಿಲ್ಲ. ನಾವು ದರಗು ಗುಡಿಸುವ ಕಾಲವೂ ಅದೇ. ತೊಂದರೆ ಇರುವುದು ಇಲ್ಲಿಯೇ.

ಮಂಗ, ಮುಸಿಯಗಳು ಈ ಕಾಯಿಲೆಯಿಂದ ಬೇಗ ಸಾಯುತ್ತವೆ. ಸತ್ತ ಪ್ರಾಣಿಯ ಮೈ ತಣ್ಣಗಾದ ಕೂಡಲೇ ಅದರ ಮೈಮೇಲಿದ್ದ ಉಣುಗುಗಳೆಲ್ಲ ಇಳಿದು ಸುತ್ತಲಿನ ನೆಲದಲ್ಲಿ ಹರಡಿಕೊಳ್ಳುತ್ತವೆ. ಗದ್ದೆಯಲ್ಲಿ ಒಂದು ಬಿಳಿ ತೆನೆ ಕಂಡರೆ ಕಾಂಡಕೊರಕ ಬಂದಿದೆ ಎಂದು ತಾವು ತಿಳಿಯುವುದಿಲ್ಲವೇ? ಹಾಗೆಯೇ ಸತ್ತ ಮಂಗವೂ ಒಂದು ಗುರುತು. ಜ್ವರ ಮನೆಗೆ ಬರುವ ಮೊದಲೇ ಕಾಡು ನಮಗೆ ಕೊಡುವ ಎಚ್ಚರಿಕೆ ಅದು.

ಈಗ ನನ್ನದೇ ಒಂದು ತಪ್ಪನ್ನು ತಮ್ಮ ಮುಂದೆ ಹೇಳಬೇಕು. ಆ ಮನೆಯವರು ಇಲ್ಲಿಯೇ ಕುಳಿತಿದ್ದಾರೆ. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ.

ಕಳೆದ ವರ್ಷ ಪುಷ್ಯ ಮಾಸದಲ್ಲಿ ನಾನು ಬೈಕಿನಲ್ಲಿ ಮಣ್ಣಿನ ಮಾದರಿಗಳ ಚೀಲ ಕಟ್ಟಿಕೊಂಡು ಈ ದಾರಿಯಲ್ಲಿ ಹೋಗುತ್ತಿದ್ದೆ. ಸೌದೆ ಹೊರೆ ಹೊತ್ತ ಅಜ್ಜಿಯೊಬ್ಬರು ನನ್ನನ್ನು ನಿಲ್ಲಿಸಿ, "ತಮ್ಮಾ, ಬೆಟ್ಟದ ಏರಿನಲ್ಲಿ ಮುಸಿಯ ಸತ್ತು ಬಿದ್ದಿದೆ, ನಿಮ್ಮ ಕಚೇರಿಯವರಿಗೆ ಹೇಳು" ಎಂದರು. "ಆಗಲಿ ಅಜ್ಜಿ" ಎಂದು ಡೈರಿಯಲ್ಲಿ ಬರೆದುಕೊಂಡೆ. ನಾನು ಬಯಲುಸೀಮೆಯ ಕಡೆಯವನು. ಮಂಗ ಸತ್ತರೆ ಅದರಲ್ಲಿ ಅಷ್ಟೇನು ಅವಸರವಿದೆ ಎಂದುಕೊಂಡೆ. ಮಾರನೆಯ ದಿನ ಸಭೆ, ಅದರ ಮಾರನೆಯ ದಿನ ಇನ್ನೊಂದು ಕೆಲಸ. ನಾಲ್ಕನೆಯ ದಿನ ಡೈರಿ ತೆರೆದಾಗ ನೆನಪಾಯಿತು. ಅಷ್ಟರಲ್ಲಿ ಊರಿನ ನಾಲ್ವರು, ಹನುಮಂತನ ಸ್ವರೂಪವೆಂಬ ಭಕ್ತಿಯಿಂದ, ಅದಕ್ಕೆ ಹೂವಿನ ಹಾರ ಹಾಕಿ ಕೈಯಾರೆ ಎತ್ತಿ ಮಣ್ಣು ಮಾಡಿದ್ದರು.

ಆ ನಾಲ್ವರಲ್ಲಿ ಒಬ್ಬರು ಕೊನೆಗಾರರು. ವಾರದ ಮೇಲೆ ಅವರಿಗೆ ಜ್ವರ ಹಿಡಿಯಿತು. ತಲೆ ಸಿಡಿಯುವಂಥ ನೋವು, ಸೊಂಟ ಕಾಲು ನೋವು. ಮಂಜಿಗೆ ಬಂದ ಜ್ವರವೆಂದು ಮನೆಯವರು ಮೂರು ದಿನ ಕಷಾಯ ಕೊಟ್ಟರು. ನಾಲ್ಕನೆಯ ದಿನ ವಸಡಿನಲ್ಲಿ ರಕ್ತ ಕಂಡ ಮೇಲೆ ಆಸ್ಪತ್ರೆಗೆ ಸಾಗಿಸಿದರು. ದೇವರ ದಯೆ, ವೈದ್ಯರ ಶ್ರಮ, ಜೀವ ಉಳಿಯಿತು. ಆದರೆ ಆ ವರ್ಷದ ಉಳಿದ ಕೊಯ್ಲಿಗೆ ಅವರು ಮರ ಹತ್ತಲಿಲ್ಲ. ಮುಂಗಾರಿನ ಔಷಧಿ ಹೊಡೆಯುವುದಕ್ಕೂ ಹತ್ತಲಿಲ್ಲ. ಕೈಯಲ್ಲಿ ಬಲವಿಲ್ಲ. ಮರ ಹತ್ತುವವನು ನೆಲದಲ್ಲಿ ಕುಳಿತರೆ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ನಾನು ತಮಗೆ ಹೇಳಬೇಕಾಗಿಲ್ಲ.

ಆ ಮುಸಿಯದಿಂದಲೇ ಅವರಿಗೆ ಕಾಯಿಲೆ ಬಂತೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಆದರೆ ಅಜ್ಜಿ ಹೇಳಿದ ದಿನವೇ ನಾನು ಒಂದು ಫೋನು ಮಾಡಿದ್ದರೆ ಅವರು ಅದನ್ನು ಮುಟ್ಟುತ್ತಿರಲಿಲ್ಲ. ಅಜ್ಜಿ ತಮ್ಮ ಕರ್ತವ್ಯ ಮಾಡಿದರು, ನಾನು ಮಾಡಲಿಲ್ಲ. ಅಂದಿನಿಂದ ಈ ವಿಷಯವನ್ನು ಡೈರಿಯಲ್ಲಿ ಬರೆಯುವುದನ್ನು ಬಿಟ್ಟಿದ್ದೇನೆ, ನಿಂತಲ್ಲಿಂದಲೇ ತಿಳಿಸುತ್ತೇನೆ.

ತಾವು ಮಾಡಬೇಕಾದುದೂ ಇಷ್ಟೇ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಮುಟ್ಟಬೇಡಿ. ದೂರದಿಂದಲೇ ಕೈಮುಗಿಯಿರಿ, ಹನುಮಂತನು ಅದರಿಂದ ಕೋಪಿಸಿಕೊಳ್ಳುವುದಿಲ್ಲ. ಕೂಡಲೇ ಆಶಾ ಕಾರ್ಯಕರ್ತೆಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಇಲ್ಲವೆ ಅರಣ್ಯ ಇಲಾಖೆಯ ಗಾರ್ಡಿಗೆ ತಿಳಿಸಿರಿ. ಪಶುವೈದ್ಯರು ಬಂದು ಪರೀಕ್ಷೆಗೆ ಮಾದರಿ ತೆಗೆಯುತ್ತಾರೆ. ದೇಹವನ್ನು ಸುಡುತ್ತಾರೆ. ಸುತ್ತ ಸುಮಾರು 50 ಮೀಟರು ಜಾಗಕ್ಕೆ ಉಣುಗು ಸಾಯುವ ಪುಡಿ ಹಾಕುತ್ತಾರೆ. ಇವೆಲ್ಲ ನಮಗಾಗಿಯೇ ಇರುವ ಸೇವೆಗಳು. ಆದರೆ ಸುದ್ದಿ ಬಾರದೆ ಅವು ಹೊರಡುವುದಿಲ್ಲ.

ಹೋದ ಸಭೆಯಲ್ಲಿ ಹಿರಿಯರೊಬ್ಬರು ನನ್ನನ್ನು ಕೇಳಿದರು: "ಸುದ್ದಿ ಕೊಟ್ಟರೆ ಬೆಟ್ಟಕ್ಕೆ ಹೋಗಬೇಡಿ ಎನ್ನುತ್ತೀರಿ. ದರಗಿಲ್ಲದೆ ಕೊಟ್ಟಿಗೆ ಇಲ್ಲ, ಕೊಟ್ಟಿಗೆ ಇಲ್ಲದೆ ಗೊಬ್ಬರ ಇಲ್ಲ, ಗೊಬ್ಬರ ಇಲ್ಲದೆ ತೋಟ ಇಲ್ಲ. ನಾವು ಬದುಕುವುದು ಹೇಗಪ್ಪಾ?" ಇದು ನ್ಯಾಯವಾದ ಪ್ರಶ್ನೆ. ಜನ ಸುದ್ದಿ ಬಚ್ಚಿಡುವುದಕ್ಕೆ ಇದೇ ಕಾರಣವೆಂದು ನಾನು ಬಲ್ಲೆ. ಹೋಗಬೇಡಿ ಎಂದಷ್ಟೇ ಹೇಳಿ ಎದ್ದುಹೋಗುವುದು ಸರಿಯಲ್ಲ.

ಬೆಟ್ಟವೆಲ್ಲವನ್ನೂ ಬಿಡಬೇಕಾಗಿಲ್ಲ. ಮಂಗ ಸತ್ತ ಭಾಗವನ್ನು ಮಾತ್ರ ಈ ಹಂಗಾಮಿನಲ್ಲಿ ಬಿಡಿ. ಯಾವ ಭಾಗವೆಂದು ತಿಳಿಯಬೇಕಾದರೆ ಸುದ್ದಿ ಬರಬೇಕು. ಬಚ್ಚಿಟ್ಟರೆ ಇಡೀ ಬೆಟ್ಟವೇ ಅನುಮಾನಕ್ಕೆ ಸಿಕ್ಕುತ್ತದೆ. ಕೊಟ್ಟಿಗೆಗೆ ಈ ನಾಲ್ಕಾರು ತಿಂಗಳು ಭತ್ತದ ಹುಲ್ಲು, ಅಡಿಕೆ ಸಿಪ್ಪೆ, ತೋಟದ ಒಳಗಿನ ಸೋಗೆಯ ತರಗು ಹಾಕಬಹುದು. ಬರುವ ಮಳೆಗಾಲದಲ್ಲಿ ಬೇಲಿಯ ಸಾಲಿಗೆ ಗ್ಲಿರಿಸಿಡಿಯಾ ಗೂಟ ನೆಡಿ. ಎರಡು ವರ್ಷ ಕಳೆದರೆ ಹಸಿರು ಸೊಪ್ಪು ಮನೆಯ ಬಾಗಿಲಲ್ಲೇ ಸಿಕ್ಕುತ್ತದೆ. ಗೂಟ ಎಲ್ಲಿ ಸಿಕ್ಕುತ್ತದೆ, ಹೇಗೆ ನೆಡಬೇಕು ಎಂಬುದನ್ನು ತೋರಿಸುವ ಕೆಲಸ ನನ್ನದು. ದನಗಳಿಗೆ ಪಶುವೈದ್ಯರು ಹೇಳುವ ಉಣುಗಿನ ಔಷಧಿಯನ್ನು ತಪ್ಪದೆ ಹಾಕಿಸಿ. ದನಕ್ಕೆ ಜ್ವರ ಬಾರದಿದ್ದರೂ ಉಣುಗಿನ ಸಂತಾನ ಬೆಳೆಯುವುದು ಅದರ ಮೈಮೇಲೆಯೇ.

ಕಾಡಿಗೆ ಹೋಗಲೇಬೇಕಾದವರು ಡೆಪಾ ತೈಲ ಹಚ್ಚಿಕೊಂಡು ಹೋಗಿರಿ. ಗ್ವಾಲಿಯರಿನಲ್ಲಿರುವ ರಕ್ಷಣಾ ಇಲಾಖೆಯ ಪ್ರಯೋಗಾಲಯದವರು ಕಂಡುಹಿಡಿದ ಔಷಧಿ ಇದು. ಗಡಿಯಲ್ಲಿಯೂ ಕಾಡಿನಲ್ಲಿಯೂ ಕಾವಲಿರುವ ನಮ್ಮ ಸೈನಿಕರನ್ನು ಸೊಳ್ಳೆ, ಉಣುಗುಗಳು ಕಚ್ಚದಿರಲೆಂದು ತಯಾರಿಸಿದ್ದು. ಅದೇ ತೈಲವನ್ನು ಇಂದು ನಮ್ಮ ಆರೋಗ್ಯ ಕೇಂದ್ರದಲ್ಲಿ ಹಣವಿಲ್ಲದೆ ಕೊಡುತ್ತಾರೆ. ದೇಶದ ರಕ್ಷಣೆಗೆಂದು ಮಾಡಿದ್ದು ದರಗು ಗುಡಿಸುವ ತಾಯಿಯ ರಕ್ಷಣೆಗೂ ಒದಗಿತು. ಆದರೆ ಎಷ್ಟೋ ಮನೆಗಳಲ್ಲಿ ಆ ಸೀಸೆ ಮಾಡಿನ ಮೇಲೆ ಹಾಗೆಯೇ ಕುಳಿತಿರುವುದನ್ನು ನಾನೇ ನೋಡಿದ್ದೇನೆ. ವಾಸನೆ ಹಿಡಿಸುವುದಿಲ್ಲ ಎನ್ನುತ್ತಾರೆ. ಮೈಲುತುತ್ತದ ವಾಸನೆ ನಮಗೆ ಹಿಡಿಸುತ್ತದೆಯೇ? ಆದರೂ ಮಳೆ ಹಿಡಿಯುವ ಮೊದಲು ಬೋರ್ಡೋ ಹೊಡೆಸುತ್ತೇವೆ. ಕೊಳೆ ಬಂದು ಕಾಯಿ ಉದುರಿದ ಮೇಲೆ ಹೊಡೆದು ಪ್ರಯೋಜನವಿಲ್ಲವೆಂದು ನಮಗೆ ಗೊತ್ತು. ಇದೂ ಹಾಗೆಯೇ. ಕೈ, ಕಾಲು, ಕುತ್ತಿಗೆಗೆ ಹಚ್ಚಿ. ಕಣ್ಣು, ಬಾಯಿ, ಗಾಯಗಳಿಗೆ ತಾಗಿಸಬೇಡಿ. ಮೈತುಂಬ ಬಟ್ಟೆ ಹಾಕಿರಿ. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಮಕ್ಕಳ ಮೈಯನ್ನೂ ನೋಡಿರಿ.

ಲಸಿಕೆ ಇಲ್ಲವೇ ಎಂದು ತಾವು ಕೇಳಬಹುದು. ಹಿಂದೆ ಹಲವು ವರ್ಷ ಹಾಕುತ್ತಿದ್ದ ಲಸಿಕೆಯ ಶಕ್ತಿ ಸಾಲದೆಂದು ತಿಳಿದು, 2022ರ ನಂತರ ಅದನ್ನು ನಿಲ್ಲಿಸಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ಹೊಸ ಲಸಿಕೆಗಾಗಿ ಕೆಲಸ ಮಾಡುತ್ತಿದ್ದಾರೆ. ಅದು ನಮ್ಮೂರಿಗೆ ಬರುವವರೆಗೆ ತೈಲ, ಎಚ್ಚರ, ಸುದ್ದಿ, ಈ ಮೂರೇ ನಮ್ಮ ಲಸಿಕೆ.

ಕೊನೆಯದಾಗಿ ಜ್ವರದ ಮಾತು. ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಒಮ್ಮೆಲೇ ಜ್ವರ ಏರುತ್ತದೆ. ವಿಪರೀತ ತಲೆನೋವು, ಮೈಕೈ ನೋವು, ವಾಂತಿ, ಕಣ್ಣು ಕೆಂಪಾಗುವುದು. ಕೆಲವರಿಗೆ ಮೂಗು, ವಸಡುಗಳಲ್ಲಿ ರಕ್ತ. ಜ್ವರ ಬಿಟ್ಟಿತೆಂದು ಎದ್ದವರಲ್ಲಿಯೂ ಕೆಲವರಿಗೆ ಮೂರನೆಯ ವಾರದಲ್ಲಿ ಮತ್ತೆ ಬಂದು ತಲೆಗೇರುತ್ತದೆ, ಕೈ ನಡುಗುತ್ತದೆ. ಈ ವೈರಾಣುವನ್ನು ಕೊಲ್ಲುವ ಮದ್ದು ಇನ್ನೂ ಇಲ್ಲ. ಆದರೆ ಸಕಾಲದಲ್ಲಿ ಆಸ್ಪತ್ರೆ ಸೇರಿದರೆ, ನೀರಿನಂಶ ಇಳಿಯದಂತೆ, ರಕ್ತ ಕಡಿಮೆಯಾಗದಂತೆ ನೋಡಿಕೊಂಡು ವೈದ್ಯರು ಬಹುತೇಕ ಎಲ್ಲರನ್ನೂ ಉಳಿಸುತ್ತಾರೆ. ಆದುದರಿಂದ ಅಂಗಡಿಯ ನೋವಿನ ಮಾತ್ರೆ ನುಂಗಿ ಕಾಯಬೇಡಿ. ಮೊದಲ ದಿನವೇ ಆರೋಗ್ಯ ಕೇಂದ್ರಕ್ಕೆ ಹೋಗಿ, "ನಾನು ಬೆಟ್ಟಕ್ಕೆ ಹೋಗಿದ್ದೆ" ಎಂಬ ಒಂದು ಮಾತನ್ನು ಮರೆಯದೆ ಹೇಳಿರಿ. ಆಗ ಯಾವ ಪರೀಕ್ಷೆ ಮಾಡಬೇಕೆಂದು ಅವರಿಗೆ ಹೊಳೆಯುತ್ತದೆ. ವಾಹನ ಬೇಕಾದರೆ 108ಕ್ಕೆ ಕರೆಮಾಡಿರಿ.

ಯುವಕ ಮಂಡಳಿಯ ಗೆಳೆಯರಲ್ಲಿ ಒಂದು ವಿನಂತಿ. ಆಶಾ ಕಾರ್ಯಕರ್ತೆ, ಗಾರ್ಡು, ಪಶುವೈದ್ಯರು ಮತ್ತು ನನ್ನ ಫೋನ್ ನಂಬರುಗಳನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಹಾಲಿನ ಡೈರಿಯ ಗೋಡೆಗೆ ಇಂದೇ ಅಂಟಿಸಿರಿ. ಬೆಳಗ್ಗೆ, ಸಂಜೆ ಎಲ್ಲರೂ ಬರುವ ಜಾಗ ಅದು. ಮಹಿಳಾ ಮಂಡಳಿಯವರು ಕೇರಿಗೊಬ್ಬರಂತೆ ನಿಂತು, ತೈಲದ ಸೀಸೆ ಮಾಡಿನಿಂದ ಕೆಳಗಿಳಿಯಿತೇ ಎಂದು ನೋಡಬೇಕು.

ಕಳೆದ ವರ್ಷ ಮಲಗಿದ್ದ ಕೊನೆಗಾರರು ಈ ವರ್ಷ ಮತ್ತೆ ಮರ ಹತ್ತುತ್ತಿದ್ದಾರೆ. ಮೊನ್ನೆ ನನ್ನನ್ನು ಕಂಡು, "ಈ ಸಲ ಮಂಗ ಸತ್ತರೆ ಮೊದಲ ಫೋನು ನನ್ನದೇ ಬರುತ್ತದೆ, ನೋಡಿ ಸ್ವಾಮಿ" ಎಂದರು. ಅವರ ಫೋನು ಬಂದರೆ ನಾನು ಎತ್ತುತ್ತೇನೆ. ತಮ್ಮದು ಬಂದರೂ ಎತ್ತುತ್ತೇನೆ. ರಾತ್ರಿಯಾದರೂ ಸರಿ.